ಬೀಜದಿಂದ ಬೀಜಕ್ಕೆ: ಪುಟಾಣಿಗಳ ಚಿತ್ರಪುಸ್ತಕ ನಡೆದು ಬಂದ ಹಾದಿ

ಹದವಾದ ಮಳೆ ಬಿದ್ದ ಮೇಲೆ ಕುಷ್ಟಗಿ, ಯಲಬುರ್ಗಾ ಸೀಮೆಯ ಹೊಲಗಳಲ್ಲಿ ಬಿತ್ತನೆ ಕಂಡವರಿಗೆ ಈ ನೋಟ ಹೊಸದಲ್ಲ. ಮುಂದೆ ಎತ್ತುಗಳು, ಹಿಂದೆ ಕೂರಿಗೆ, ಅದರ ಬಟ್ಟಲಿಗೆ ಮುಷ್ಟಿಯಿಂದ ಒಂದೇ ಸಮನೆ ಕಾಳು ಬಿಡುತ್ತಾ ನಡೆಯುವ ತಾಯಿ, ಬದುವಿನ ಮೇಲೆ ಬೀಜದ ಬುಟ್ಟಿ ಕಾಯುತ್ತಾ ಕುಳಿತ ಮಗು. ಗಂಗಾವತಿಯ ಕಾಲುವೆ ಬಯಲಿಗೆ ಇಳಿದರೆ ಕೂರಿಗೆಯ ಬದಲು ಭತ್ತದ ಸಸಿಮಡಿ. ಬೀಜ ಮೊಳೆತು ಸಸಿಯಾಗುವುದನ್ನು ಇಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದೇ ಬೀಜ ಚಿತ್ರಪುಸ್ತಕವಾಗಿ ಅವರ ಕೈ ಸೇರಿತೇ? ಸೇರಿದ್ದರೆ ಯಾವ ಹಾದಿಯಿಂದ, ಯಾವ ಕಾಲಕ್ಕೆ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಾವು ಮೂರೂವರೆ ಶತಮಾನ ಹಿಂದಕ್ಕೆ ಹೋಗಬೇಕಾಗುತ್ತದೆ.

1658ರಲ್ಲಿ ಕೊಮೇನಿಯಸ್ ಎಂಬ ಶಿಕ್ಷಣತಜ್ಞ 'ಆರ್ಬಿಸ್ ಪಿಕ್ಟಸ್' ಎಂಬ ಪುಸ್ತಕ ಪ್ರಕಟಿಸಿದ. ಮಕ್ಕಳಿಗಾಗಿಯೇ ಸಿದ್ಧವಾದ ಮೊದಲ ಸಚಿತ್ರ ಪಠ್ಯಗಳಲ್ಲಿ ಅದು ಪ್ರಮುಖವಾದುದು. ಅದರಲ್ಲಿ ಮರದ ಬಗ್ಗೆ ಒಂದು ಪಾಠವಿದೆ. ಬೀಜದಿಂದ ಸಸಿ, ಸಸಿಯಿಂದ ಗಿಡ, ಗಿಡದಿಂದ ಮರ ಎಂಬ ಕ್ರಮವನ್ನು ಚಿತ್ರಕ್ಕೆ ಅಂಕಿ ಕೊಟ್ಟು ಅಲ್ಲಿ ವಿವರಿಸಲಾಗಿದೆ. ಮಗು ಮೊದಲು ಕಣ್ಣಿನಿಂದ ಕಲಿಯಲಿ, ಆಮೇಲೆ ಮಾತಿನಿಂದ ಎಂಬುದು ಅವನ ವಾದ. ಮುಂದೆ 1840ರಲ್ಲಿ ಜರ್ಮನಿಯ ಫ್ರೋಬೆಲ್ ತನ್ನ ಶಿಶುಶಾಲೆಗೆ 'ಕಿಂಡರ್‌ಗಾರ್ಟನ್', ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟ. ಅದು ಬರೀ ಹೋಲಿಕೆಯ ಹೆಸರಾಗಿರಲಿಲ್ಲ. ಪ್ರತಿ ಮಗುವಿಗೂ ಬಿತ್ತಿ ಬೆಳೆಯಲು ಒಂದು ತುಂಡು ಮಣ್ಣು ಇರಬೇಕೆಂದು ಅವನು ಬಯಸಿದ್ದ. ಇಂದು ನಮ್ಮ ಪಟ್ಟಣಗಳಲ್ಲಿ ಸಿಮೆಂಟಿನ ಅಂಗಳದ ಶಾಲೆಗಳೂ ಎಲ್.ಕೆ.ಜಿ., ಯು.ಕೆ.ಜಿ. ಎಂಬ ಫಲಕ ಹಾಕಿಕೊಂಡಿವೆ. ಆ ಕೊನೆಯ 'ಜಿ' ತೋಟ ಎಂಬುದನ್ನು ನಾವು ಮರೆತಿದ್ದೇವೆ.

ಕನ್ನಡದಲ್ಲಿ ಮಕ್ಕಳ ಮುಂದೆ ಪ್ರಕೃತಿಯನ್ನು ದೊಡ್ಡ ಪ್ರಮಾಣದಲ್ಲಿ ತೆರೆದಿಟ್ಟವರು ಶಿವರಾಮ ಕಾರಂತರು. 1936ರಲ್ಲಿ ಬಂದ ಅವರ 'ಬಾಲಪ್ರಪಂಚ' ಮೂರು ಸಂಪುಟಗಳ ಸಾಹಸ. ಆದರೆ ಅದು ಓದಲು ಬಲ್ಲ ಮಕ್ಕಳಿಗಾಗಿ ಬಂದದ್ದು. ಅಕ್ಷರ ಕಲಿಯದ ಮೂರು ನಾಲ್ಕು ವರ್ಷದ ಕೂಸು ತಾನೇ ಪುಟ ತಿರುವಿ ನೋಡುವಂಥ ಪುಸ್ತಕ ಆಗ ನಮ್ಮಲ್ಲಿ ಅಪರೂಪ.

ಅದೇ ಹೊತ್ತಿನಲ್ಲಿ ಕೊಪ್ಪಳ ಸೀಮೆಯ ಸ್ಥಿತಿ ಬೇರೆಯೇ ಆಗಿತ್ತು. ಇದು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ನೆಲ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದು. ಗಡಿಯಾಚೆಯ ಮುಂಬಯಿ ಪ್ರಾಂತದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡ ಶಾಲೆಗಳನ್ನು ಕಟ್ಟಿದ್ದರು. ಈಚೆಗೆ ಆ ಗಾಳಿ ತಡವಾಗಿ ಬೀಸಿತು. ಇದರಿಂದ ನಷ್ಟವಾದದ್ದು ಹಿಂದೂ ಮಕ್ಕಳಿಗೆ ಮಾತ್ರ ಎಂದು ತಿಳಿಯಬೇಕಾಗಿಲ್ಲ. ಈ ಸೀಮೆಯ ಎಷ್ಟೋ ಪಿಂಜಾರ, ನದಾಫ್ ಕುಟುಂಬಗಳ ಮನೆಮಾತು ಕನ್ನಡ. ಮಿಕ್ಕ ಬಡ ಮುಸ್ಲಿಮರದು ದಖನಿ. ದರ್ಬಾರಿನ ಉರ್ದು ಇಬ್ಬರಿಗೂ ಪರಕೀಯವೇ. ಹೊಲದಲ್ಲಿ ದುಡಿಯುವವರ ಮಗುವಿಗೆ, ಅದು ಯಾವ ಮನೆಯದೇ ಆಗಿರಲಿ, ಪುಸ್ತಕ ದೂರದ ವಸ್ತುವಾಗಿತ್ತು.

1948ರಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಮರುವರ್ಷ ಜಹಗೀರುಗಳು ರದ್ದಾದವು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದು ಗಂಗಾವತಿ ಭತ್ತದ ಕಣಜವಾಯಿತು. 1956ರಲ್ಲಿ ಈ ಭಾಗ ಕನ್ನಡ ನಾಡಿಗೆ ಸೇರಿತು. ಮರುವರ್ಷವೇ ದಿಲ್ಲಿಯಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಹುಟ್ಟಿದವು. ಅಗ್ಗದ ಬೆಲೆಯ ಬಣ್ಣದ ಪುಸ್ತಕಗಳು ಕನ್ನಡದಲ್ಲೂ ಬರತೊಡಗಿದವು. 1975ರಲ್ಲಿ ಟಿ. ನರಸೀಪುರದಿಂದ ರಾಜ್ಯದಲ್ಲಿ ಅಂಗನವಾಡಿ ಆರಂಭವಾಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ನಲಿ-ಕಲಿ ಮುಂದೆ ರಾಜ್ಯದ ಶಾಲೆಗಳಿಗೆ ಹಬ್ಬಿತು. 2004ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಪ್ರಥಮ್ ಬುಕ್ಸ್, 2015ರಿಂದ ತನ್ನ ಕಥೆಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಲು, ಅನುವಾದಿಸಲು ಬಿಟ್ಟಿದೆ. ಹೀಗೆ ಹಾದಿ ಅಂತೂ ತೆರೆಯಿತು.

ಈ ನಡುವೆ ಹೊರಗಿನ ಜಗತ್ತಿನಲ್ಲಿ ಬೀಜದ ಕಥೆಗಳು ಪ್ರಸಿದ್ಧವಾಗಿದ್ದವು. 1945ರಲ್ಲಿ ಅಮೆರಿಕದ ರೂತ್ ಕ್ರೌಸ್ ಬರೆದ ಪುಸ್ತಕದಲ್ಲಿ ಹುಡುಗನೊಬ್ಬ ಗಜ್ಜರಿ ಬೀಜ ಊರುತ್ತಾನೆ. ಅದು ಹುಟ್ಟುವುದಿಲ್ಲ ಎಂದು ಮನೆಯವರೆಲ್ಲ ಹೇಳುತ್ತಾರೆ. ಅವನು ಕಳೆ ಕೀಳುತ್ತಾ, ನೀರುಣಿಸುತ್ತಾ ಕಾಯುತ್ತಾನೆ. ಗಜ್ಜರಿ ಬರುತ್ತದೆ. ಕಥೆ ಅಷ್ಟೇ. 1970ರಲ್ಲಿ ಬಂದ ಎರಿಕ್ ಕಾರ್ಲ್ ಅವರ ಪುಟ್ಟ ಬೀಜದ ಕಥೆಯಲ್ಲಿ ಬೀಜ ಗಾಳಿಯಲ್ಲಿ ತೇಲಿ, ನೆಲಕ್ಕಿಳಿದು, ದೊಡ್ಡ ಹೂವಾಗಿ, ಕೊನೆಗೆ ತನ್ನ ಬೀಜಗಳನ್ನು ಗಾಳಿಗೆ ಒಪ್ಪಿಸುತ್ತದೆ. ಇಂಥ ಹೆಚ್ಚಿನ ಪುಸ್ತಕಗಳ ತಿರುಳು ಒಂದೇ. ಬೀಜದಿಂದ ಹೊರಟದ್ದು ಬೀಜಕ್ಕೇ ಮರಳುತ್ತದೆ. ನಡುವೆ ಬೇಕಾದದ್ದು ಆರೈಕೆ ಮತ್ತು ತಾಳ್ಮೆ.

ಆದರೆ ಪುಸ್ತಕದಲ್ಲಿ ಈ ವೃತ್ತ ಪೂರ್ತಿಯಾಗುತ್ತಿದ್ದ ಕಾಲದಲ್ಲೇ ನಮ್ಮ ಹೊಲದಲ್ಲಿ ಅದು ಮುರಿಯತೊಡಗಿತ್ತು. 1964ರಲ್ಲಿ ಸಿ.ಎಸ್.ಎಚ್-1 ಎಂಬ ಹೈಬ್ರಿಡ್ ಜೋಳ ದೇಶದಲ್ಲಿ ಬಿಡುಗಡೆಯಾಯಿತು. ಮರುವರ್ಷ ಹೈಬ್ರಿಡ್ ಸಜ್ಜೆ ಬಂತು. ಇಳುವರಿ ಹೆಚ್ಚಿತು, ಬಡವರ ಒಲೆಗೆ ಹಿಟ್ಟು ಬಂತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೈಬ್ರಿಡ್ ಬೆಳೆಯ ಕಾಳನ್ನು ಮತ್ತೆ ಬಿತ್ತಿದರೆ ಅದೇ ಗುಣದ ಪೈರು ಬರುವುದಿಲ್ಲ. ಪ್ರತಿವರ್ಷ ಪ್ಯಾಕೆಟ್ ಕೊಳ್ಳಬೇಕು. ಬೇವಿನ ಸೊಪ್ಪು, ಬೂದಿ ಬೆರೆಸಿ ಗಡಿಗೆಯಲ್ಲಿ ಬೀಜ ಕಾಯ್ದಿಡುತ್ತಿದ್ದ ಅಜ್ಜಿಯ ವಿದ್ಯೆಗೆ ಕೆಲಸ ಕಡಿಮೆಯಾಯಿತು. ಅಂದು ಬುಟ್ಟಿ ಕಾಯುವ ಮಗು ಹಿಡಿ ಕಾಳು ಬಾಯಿಗೆ ಹಾಕಿಕೊಳ್ಳಬಹುದಿತ್ತು. ಇಂದು ಔಷಧಿ ಲೇಪಿಸಿ ಬಣ್ಣ ಹಚ್ಚಿದ ಬೀಜವನ್ನು ಅದು ಮುಟ್ಟದಂತೆ ನೋಡಿಕೊಳ್ಳಬೇಕು.

ಇನ್ನೊಂದು ಕಷ್ಟವೂ ಇದೆ. ಬರದ ವರ್ಷಗಳಲ್ಲಿ ಈ ಸೀಮೆಯ ಕುಟುಂಬಗಳು ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಅಂಗನವಾಡಿಯಲ್ಲಿ ಬೀಜ ಊರಿದ ಮಗು ಕಾಯಿ ಬಿಡುವ ಹೊತ್ತಿಗೆ ಊರಲ್ಲಿರುತ್ತದೆ ಎಂಬ ಖಾತ್ರಿಯಿಲ್ಲ. ಕಾಯುವುದನ್ನು ಕಲಿಸುವ ಪುಸ್ತಕ, ಕಾಯಲು ಅವಕಾಶವೇ ಇಲ್ಲದ ಮಗುವಿಗೆ ಏನು ಹೇಳೀತು? ಇದಕ್ಕೆ ಪುಸ್ತಕ ಬರೆಯುವವರಷ್ಟೇ ಅಲ್ಲ, ಊರಲ್ಲೇ ಕೂಲಿ ದೊರಕಿಸಬೇಕಾದವರೂ ಉತ್ತರ ಹೇಳಬೇಕು.

ಹಾಗಾದರೆ ಕೊಪ್ಪಳದ ಮಗುವಿಗೆ ಎಂಥ ಪುಸ್ತಕ ಬೇಕು? ಗಜ್ಜರಿ ಬೇಡವೆಂದಲ್ಲ, ಆದರೆ ಜೋಳವೂ ಬೇಕು. ಹಿಂಗಾರಿಯ ಮಾಲ್ದಂಡಿ ಹೈಬ್ರಿಡ್ ಅಲ್ಲ. ಅದರ ಒಳ್ಳೆಯ ತೆನೆಯನ್ನು ಆರಿಸಿಟ್ಟು ಮರುವರ್ಷ ಬಿತ್ತಬಹುದು. ಹೊಲದಲ್ಲಿ ವೃತ್ತ ಇನ್ನೂ ಪೂರ್ತಿಯಾಗುವ ಬೆಳೆ ಅದು. ಚಿತ್ರ ಬರೆಯುವವರನ್ನೂ ದೂರದಲ್ಲಿ ಹುಡುಕಬೇಕಾಗಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ತಲೆಮಾರುಗಳಿಂದ ಮರದ ಗೊಂಬೆಗಳಿಗೆ ಬಣ್ಣ ತುಂಬುತ್ತಾ ಬಂದಿದ್ದಾರೆ. ಗೊಂಬೆಗೆ ರೂಪ ಕೊಡುವ ಅವರ 'ಕಿಟ್ಟ' ಸಿದ್ಧವಾಗುವುದು ಹುಣಸೆ ಬೀಜದ ಅಂಟಿನಿಂದ. ಬೀಜಕ್ಕೂ ಚಿತ್ರಕ್ಕೂ ಈ ನೆಲದಲ್ಲಿ ನಂಟು ಹಳೆಯದು.

ಅಜ್ಜಿಯ ಗಡಿಗೆ, ಕೂರಿಗೆಯ ಬಟ್ಟಲು, ಸಸಿಮಡಿ ಇವನ್ನೆಲ್ಲ ತೋರಿಸುವ ಹದಿನಾರು ಪುಟದ ಪುಸ್ತಕ ಕನ್ನಡದಲ್ಲೂ ಉರ್ದುವಿನಲ್ಲೂ ಬಂದರೆ, ಅಂಗನವಾಡಿಯಲ್ಲಿ ಒಂದೇ ಚಾಪೆಯ ಮೇಲೆ ಕೂತ ಮಕ್ಕಳು ಅದನ್ನು ಕೂಡಿ ನೋಡಬಲ್ಲರು. ಜೊತೆಗೆ ಹಿಡಿ ಜೋಳ, ಒಂದು ತುಂಡು ಮಣ್ಣು ಇದ್ದರೆ ಸಾಕು. ಉಳಿದ ಪಾಠವನ್ನು ಬೀಜವೇ ಹೇಳುತ್ತದೆ.