ಸಂವಿಧಾನ ಸಭೆಯಲ್ಲಿ ಒಬ್ಬ ಅಧ್ಯಾಪಕ ಗುರು

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರಿದ್ದಾರೆ. ನಿವೃತ್ತ ಶಿಕ್ಷಕರು, ನಮ್ಮ ಧರ್ಮದವರಲ್ಲ. ನಾನು ಆ ಊರಿನ ಕಡೆ ಹೋದಾಗಲೆಲ್ಲ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಒಂದು ಲೋಟ ಚಹಾ ಕುಡಿಯದೆ ಬರುವಂತಿಲ್ಲ. ಒಮ್ಮೆ ಅವರು, "ಫಾದರ್, ಸಂವಿಧಾನ ಬರೆಯೋ ಸಭೆದಾಗ ನಿಮ್ಮ ಪೈಕಿ ಸ್ವಾಮಿಗಳು ಯಾರಾದ್ರೂ ಇದ್ರೇನ್ರೀ?" ಎಂದು ಕೇಳಿದರು. ಇದ್ದರು ಎಂದೆ. "ಯಾವ ಕಡೆಯವರು?" ಎಂದರು. "ಹುಟ್ಟಿದ್ದು ಮಂಗಳೂರು. ಆದರೆ ಸಭೆಯಲ್ಲಿ ಕುಳಿತದ್ದು ನಿಮ್ಮ ಪ್ರಾಂತದ ಸದಸ್ಯರಾಗಿ" ಎಂದಾಗ ಅವರು ಕ್ಷಣಕಾಲ ಯೋಚಿಸಿ ನಕ್ಕರು. ಅವರಿಗೆ ತಕ್ಷಣ ಅರ್ಥವಾಗಿತ್ತು. ಇಂದಿನ ಎಳೆಯರಿಗೆ ಅಷ್ಟು ಸುಲಭವಾಗಿ ಅರ್ಥವಾಗದು.

ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳ ಸೀಮೆ 1953ರ ಅಕ್ಟೋಬರ್ ಒಂದರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದ್ರಾಸಿಗೆ ಸೇರಿತ್ತು. ದಕ್ಷಿಣ ಕನ್ನಡವೂ ಅದೇ ಪ್ರಾಂತದಲ್ಲಿತ್ತು. ಪಶ್ಚಿಮದ ಕಡಲಿನವರೂ ತುಂಗಭದ್ರೆಯ ಎರೆಭೂಮಿಯವರೂ ಪದವಿಗಾಗಿ ಮದ್ರಾಸ್ ವಿಶ್ವವಿದ್ಯಾಲಯದತ್ತಲೇ ಮುಖ ಮಾಡಬೇಕಾಗಿದ್ದ ಕಾಲವದು. ಬಳ್ಳಾರಿ ನಗರದಲ್ಲಿ ವೀರಶೈವ ಕಾಲೇಜು ಆರಂಭವಾದದ್ದೇ 1945ರಲ್ಲಿ. ಆದ್ದರಿಂದ ಮದ್ರಾಸ್ ಪ್ರಾಂತದ ಸದಸ್ಯರಾಗಿ ಸಂವಿಧಾನ ಸಭೆಗೆ ಹೋದ ವಂದನೀಯ ಜೆರೋಮ್ ಡಿಸೋಜ ಸ್ವಾಮಿಗಳು ಒಂದರ್ಥದಲ್ಲಿ ಇಟ್ಟಿಗಿಯ ಪ್ರತಿನಿಧಿಯೂ ಆಗಿದ್ದರು.

ಅವರು ಹುಟ್ಟಿದ್ದು 1897ರ ಆಗಸ್ಟ್ 6ರಂದು. ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳು 1880ರಲ್ಲಿ ತೆರೆದಿದ್ದ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯಲ್ಲಿ ಓದಿ, ಮುಂದೆ ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿಗೆ ಹೋದರು. ಮದ್ರಾಸ್ ವಿಶ್ವವಿದ್ಯಾಲಯದಿಂದ ಆಂಗ್ಲ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದ ಮೇಲೆ, 1921ರಲ್ಲಿ ಯೇಸುಸಭೆಯನ್ನು ಸೇರಿದರು. ದೈವಶಾಸ್ತ್ರದ ವ್ಯಾಸಂಗ ಯುರೋಪಿನಲ್ಲಿ ನಡೆಯಿತು, ಗುರುದೀಕ್ಷೆಯಾದದ್ದು 1931ರಲ್ಲಿ. ಎರಡು ವರ್ಷದ ನಂತರ ಭಾರತಕ್ಕೆ ಮರಳಿ, ತಾವು ಓದಿದ ತಿರುಚಿರಾಪಳ್ಳಿಯ ಕಾಲೇಜಿನಲ್ಲೇ ಆಂಗ್ಲ ಸಾಹಿತ್ಯದ ಅಧ್ಯಾಪಕರಾದರು. 1942ರಲ್ಲಿ ಮದ್ರಾಸಿನ ಲೊಯೋಲಾ ಕಾಲೇಜಿನ ಹೊಣೆ ಅವರ ಹೆಗಲೇರಿತು. ಆ ಕಾಲೇಜು ಆಗ ಹದಿನೇಳು ವರ್ಷದ ಕೂಸು. ಯುದ್ಧಕಾಲ, ಕ್ವಿಟ್ ಇಂಡಿಯಾ ಚಳವಳಿ, ತರಗತಿ ಬಿಟ್ಟು ಬೀದಿಗಿಳಿಯುತ್ತಿದ್ದ ವಿದ್ಯಾರ್ಥಿಗಳು: ಕಾಲೇಜು ನಡೆಸುವವರಿಗೆ ನೆಮ್ಮದಿಯ ದಿನಗಳಾಗಿರಲಿಲ್ಲ. ಅವರು ಹೆಸರಾಂತ ವಾಗ್ಮಿಯೂ ಆಗಿದ್ದರು.

1946ರಲ್ಲಿ ಪ್ರಾಂತೀಯ ಶಾಸಕರ ಮತದಿಂದ ಸಂವಿಧಾನ ಸಭೆಗೆ ಸದಸ್ಯರ ಆಯ್ಕೆ ನಡೆದಾಗ ಅವರೂ ಆಯ್ಕೆಯಾದರು. ಡಿಸೆಂಬರ್ 9ರಂದು ಸಭೆ ಮೊದಲ ಬಾರಿ ಸೇರಿತು. ಅಲ್ಲಿಂದ ಮೂರು ವರ್ಷ, ಮದ್ರಾಸಿನ ಕಾಲೇಜಿಗೂ ದೆಹಲಿಯ ಸಭೆಗೂ ನಡುವೆ ಅವರ ಓಡಾಟ. ರೈಲಿನಲ್ಲಿ ಅದು ಎರಡು ಹಗಲು ಎರಡು ರಾತ್ರಿಯ ಹಾದಿ ಎಂಬುದನ್ನು ನಾವು ಮರೆಯಬಾರದು.

ಅಲ್ಲಿ ಕ್ರೈಸ್ತರ ಮುಂದಿದ್ದ ಪ್ರಶ್ನೆ ಸರಳವಾಗಿರಲಿಲ್ಲ. 1935ರ ಕಾಯಿದೆಯಂತೆ ಮದ್ರಾಸಿನಂಥ ಪ್ರಾಂತಗಳಲ್ಲಿ ಭಾರತೀಯ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರಗಳಿದ್ದವು: ಕ್ರೈಸ್ತ ಅಭ್ಯರ್ಥಿಗೆ ಕ್ರೈಸ್ತರೇ ಮತ ಹಾಕುವ ಪದ್ಧತಿ. ದೇಶ ವಿಭಜನೆಯಾದ 1947ರ ಆಗಸ್ಟಿನಲ್ಲಿ ಸಭೆ ಅದನ್ನು ಕೈಬಿಟ್ಟಿತು. ಬದಲಿಗೆ ಎಲ್ಲರೂ ಮತ ಹಾಕುವ ಕ್ಷೇತ್ರಗಳಲ್ಲೇ ಅಲ್ಪಸಂಖ್ಯಾತರಿಗೆ ಕೆಲವು ಸ್ಥಾನ ಮೀಸಲಿಡುವುದೆಂದು ಒಪ್ಪಿತು. ಎರಡು ವರ್ಷ ಕಳೆಯುವುದರೊಳಗೆ ಆ ತೀರ್ಮಾನವೂ ಮರುಪರಿಶೀಲನೆಗೆ ಬಂತು. ಸರ್ದಾರ್ ಪಟೇಲರ ಅಧ್ಯಕ್ಷತೆಯ ಸಲಹಾ ಸಮಿತಿಯಲ್ಲಿ, ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನ ಬೇಡವೆಂಬ ಸೂಚನೆಯನ್ನು ಮುಂದಿಟ್ಟವರು ಬಂಗಾಳದ ಕ್ರೈಸ್ತರೇ ಆದ ಪ್ರೊಫೆಸರ್ ಎಚ್. ಸಿ. ಮುಖರ್ಜಿ. 1949ರ ಮೇ ತಿಂಗಳ ಕೊನೆಯಲ್ಲಿ ಅದು ಇಡೀ ಸಭೆಯ ಮುಂದೆ ಬಂದಾಗ ಬೆಂಬಲಿಸಿ ಮಾತನಾಡಿದವರಲ್ಲಿ ಜೆರೋಮ್ ಸ್ವಾಮಿಗಳೂ ಒಬ್ಬರು. ಒಬ್ಬರು ಕಲ್ಕತ್ತೆಯ ಆಂಗ್ಲ ಪ್ರಾಧ್ಯಾಪಕರು, ಇನ್ನೊಬ್ಬರು ಮದ್ರಾಸಿನ ಆಂಗ್ಲ ಪ್ರಾಧ್ಯಾಪಕರು! ಜೀವಮಾನವಿಡೀ ಎಲ್ಲ ಜಾತಿಮತದ ಹುಡುಗರನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದವರಿಗೆ, ನೆರೆಯವರು ತಮ್ಮ ಕೈಬಿಡಲಾರರೆಂಬ ಭರವಸೆ ಸಹಜವಾಗಿಯೇ ಬಂದಿದ್ದೀತು.

ಆ ಭರವಸೆಗೆ ಆಧಾರವೂ ಇತ್ತು. 1948ರ ಡಿಸೆಂಬರ್ 6ರಂದು ಧರ್ಮವನ್ನು ಪ್ರಚಾರ ಮಾಡುವ ಹಕ್ಕಿನ ಬಗ್ಗೆ ಬಿರುಸಿನ ಚರ್ಚೆ ನಡೆದಾಗ, ಮದ್ರಾಸಿನ ಟಿ. ಟಿ. ಕೃಷ್ಣಮಾಚಾರಿಯವರು ಎದ್ದು ನಿಂತು, ತಾವು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದು ಸಾಕ್ಷಿ ನುಡಿದರು. ನಮ್ಮವರು ನೂರು ಮಾತಿನಲ್ಲಿ ವಾದಿಸಿದ್ದರೂ ಅಷ್ಟು ತೂಕ ಬರುತ್ತಿರಲಿಲ್ಲ. ಆ ಚರ್ಚೆಯಾದ ಮರುದಿನಗಳಲ್ಲೇ ಇಂದು 30ನೇ ವಿಧಿ ಎಂದು ಕರೆಯಲಾಗುವ ನಿಯಮವೂ ಚರ್ಚೆಗೆ ಬಂತು. ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸಬಹುದು. ಅವು ಅಲ್ಪಸಂಖ್ಯಾತರ ಆಡಳಿತದಲ್ಲಿವೆ ಎಂಬ ಕಾರಣಕ್ಕೆ ಅನುದಾನ ಕೊಡುವಾಗ ಸರ್ಕಾರ ತಾರತಮ್ಯ ಮಾಡುವಂತಿಲ್ಲ. 'ಭಾಷೆ' ಎಂಬ ಪದವನ್ನು ಗಮನಿಸಬೇಕು. ಕಾಸರಗೋಡಿನ ಕನ್ನಡಿಗರಿಗೂ ಸೊಲ್ಲಾಪುರದ ಕನ್ನಡಿಗರಿಗೂ ಇದೇ ವಿಧಿಯೇ ಆಸರೆ. ಇದನ್ನು ಕ್ರೈಸ್ತರಿಗೆ ಸಂದ ವಿಶೇಷ ಸವಲತ್ತು ಎಂದು ಭಾವಿಸುವವರು ನಮ್ಮೊಳಗೂ ಇದ್ದಾರೆ, ಹೊರಗೂ ಇದ್ದಾರೆ.

ಹೀಗೆ ಶಾಸನಸಭೆಯ ಸ್ಥಾನ ಹೋಯಿತು, ಶಾಲೆ ಉಳಿಯಿತು. ಇದು ಒಳ್ಳೆಯ ಆಯ್ಕೆಯೇ? ಗುರುಮಠದ ವಿದ್ಯಾರ್ಥಿಯಾಗಿದ್ದಾಗ ನಾನು ಎರಡನೆಯ ಮಾತಿಲ್ಲದೆ ಹೌದು ಎನ್ನುತ್ತಿದ್ದೆ. ಈ ಬಯಲುಸೀಮೆಯ ಧರ್ಮಕೇಂದ್ರಗಳನ್ನು ಕಂಡ ಮೇಲೆ ಆ ಉತ್ತರ ಸ್ವಲ್ಪ ತಡವಾಗಿ ಬರುತ್ತದೆ. ಮಂಗಳೂರಿನ, ಮದ್ರಾಸಿನ ಓದಿದ ಕ್ರೈಸ್ತ ಕುಟುಂಬಗಳಿಗೆ ಮೀಸಲು ಸ್ಥಾನವಿಲ್ಲದೆಯೂ ದಾರಿಗಳಿದ್ದವು. ಅನ್ಯರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಕ್ರೈಸ್ತರಿಗೆ? 1950ರ ಆಗಸ್ಟಿನಲ್ಲಿ ಹೊರಟ ರಾಷ್ಟ್ರಪತಿಯವರ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂ ಧರ್ಮದವರಿಗೆ ಸೀಮಿತಗೊಳಿಸಿತು; 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದ ಆ ಮಾನ್ಯತೆ ಕ್ರೈಸ್ತರಿಗೆ ದೊರೆಯಲಿಲ್ಲ. ಇಂದು ಹಡಗಲಿಯೂ ಹಗರಿಬೊಮ್ಮನಹಳ್ಳಿಯೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅದೇ ಕೇರಿಯ, ಅದೇ ಬಡತನದ ಕ್ರೈಸ್ತನೊಬ್ಬ ಅಲ್ಲಿ ಮತ ಹಾಕಬಹುದು, ಸ್ಪರ್ಧಿಸುವಂತಿಲ್ಲ. ಪಕ್ಕದ ಕೂಡ್ಲಿಗಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ. ಅಲ್ಲಿ ಧರ್ಮದ ಈ ಅಡ್ಡಿಯಿಲ್ಲ. ಮೂವತ್ತು ನಲವತ್ತು ಮೈಲಿಯೊಳಗೆ ಎರಡು ನ್ಯಾಯ. 1949ರ ಮೇ ತಿಂಗಳಲ್ಲಿ ಮಾತನಾಡಿದವರಿಗೆ 1950ರ ಆಗಸ್ಟ್ ಗೊತ್ತಿರಲಿಲ್ಲ ಎಂಬುದು ನಿಜ. ಅದಕ್ಕಾಗಿ ಜೆರೋಮ್ ಸ್ವಾಮಿಗಳನ್ನು ದೂಷಿಸಲಾರೆ. ಆದರೆ ಲೆಕ್ಕ ಬರೆಯುವಾಗ ಆ ಸಾಲನ್ನು ಬಿಟ್ಟು ಬರೆಯಲೂ ಆರೆ.

ಆ ವರ್ಷವೇ ಬಳ್ಳಾರಿ ಸ್ವತಂತ್ರ ಧರ್ಮಪ್ರಾಂತ್ಯವಾಯಿತು. ಆ ವರ್ಷವೇ ಪ್ರಧಾನಿ ನೆಹರೂ ಅವರನ್ನು ವಿಶ್ವಸಂಸ್ಥೆಗೆ ಹೊರಟ ಭಾರತದ ನಿಯೋಗದಲ್ಲಿ ಕಳುಹಿಸಿದರು. ಹಾಗೆ ಹೋದದ್ದು ಒಟ್ಟು ನಾಲ್ಕು ಸಲ. ಮತ್ತೊಂದು ನಾಜೂಕಿನ ಕೆಲಸದಲ್ಲೂ ಅವರ ಪಾತ್ರವಿತ್ತು. ನಮ್ಮ ನಾಡಿನ ಕೆಲವು ಧರ್ಮಪ್ರಾಂತ್ಯಗಳ ಧರ್ಮಾಧ್ಯಕ್ಷರ ನೇಮಕದಲ್ಲಿ ಪೋರ್ಚುಗಲ್ ಸರ್ಕಾರಕ್ಕೆ ಪದ್ರುವಾದೊ ಎಂಬ ಹಳೆಯ ಹಕ್ಕು ಇನ್ನೂ ಉಳಿದಿತ್ತು. ಮುಂಬಯಿಯಲ್ಲಂತೂ 1928ರ ಒಪ್ಪಂದದಂತೆ ಒಮ್ಮೆ ಪೋರ್ಚುಗೀಸರು, ಒಮ್ಮೆ ಆಂಗ್ಲರು ಮಹಾಧರ್ಮಾಧ್ಯಕ್ಷರಾಗಬೇಕಿತ್ತು. ಭಾರತೀಯನಿಗೆ ಸರದಿಯೇ ಇರಲಿಲ್ಲ. ಸ್ವತಂತ್ರ ದೇಶಕ್ಕೆ ಇದು ಸಲ್ಲದೆಂದು ನೆಹರೂ ಪವಿತ್ರ ಪೀಠಕ್ಕೆ ತಿಳಿಸಲು ಬಯಸಿದಾಗ ಮಧ್ಯವರ್ತಿಯಾಗಿ ನೆರವಾದವರು ಈ ಮಂಗಳೂರಿಗರು. 1950ರ ಜುಲೈನಲ್ಲಿ ಆ ಹಕ್ಕು ಕೊನೆಗೊಂಡಿತು. ಅದೇ ವರ್ಷ ವಲೇರಿಯನ್ ಗ್ರೇಷಿಯಸ್ ಮುಂಬಯಿಯ ಮೊದಲ ಭಾರತೀಯ ಮಹಾಧರ್ಮಾಧ್ಯಕ್ಷರಾದರು. ಪದ್ರುವಾದೊ ಜಗಳದಲ್ಲಿ ಹತ್ತೊಂಬತ್ತನೇ ಶತಮಾನದ ಮಂಗಳೂರು ಎಷ್ಟು ಬಳಲಿತ್ತೆಂದು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

1951ರಲ್ಲಿ ಪುಣೆಯಲ್ಲಿ ಅವರು ಆರಂಭಿಸಿದ ಸಾಮಾಜಿಕ ಅಧ್ಯಯನ ಸಂಸ್ಥೆ ಮುಂದೆ ದೆಹಲಿಗೆ ಹೋಗಿ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಎಂದು ಹೆಸರಾಯಿತು. ದಲಿತರು, ಆದಿವಾಸಿಗಳು, ಕಾರ್ಮಿಕರನ್ನು ಕುರಿತ ಅಲ್ಲಿನ ಅಧ್ಯಯನಗಳು ನಮ್ಮ ತಲೆಮಾರಿನ ಗುರುಗಳಿಗೆ ಹೊಸ ಕಣ್ಣು ಕೊಟ್ಟವು. ಇತಿಹಾಸಕಾರ ಕೆ. ಎಂ. ಪಣಿಕ್ಕರ್ ಅವರು 1953ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಕ್ರೈಸ್ತ ಮಿಷನ್‌ಗಳನ್ನು ಏಷ್ಯದ ಮೇಲಿನ ಪಾಶ್ಚಾತ್ಯ ಪ್ರಭುತ್ವದ ಕಥೆಯೊಳಗೇ ಇಟ್ಟು ನೋಡಿದ್ದರು. ಜೆರೋಮ್ ಸ್ವಾಮಿಗಳು ಸಭೆ ಕರೆದು ಖಂಡಿಸುವ ಬದಲು ಅದಕ್ಕೆ ಒಂದು ಪುಸ್ತಕವನ್ನೇ ಉತ್ತರವಾಗಿ ಬರೆದರು. ಪುಸ್ತಕಕ್ಕೆ ಪುಸ್ತಕವೇ ಉತ್ತರವಾಗಬೇಕೆಂಬುದು ಮೇಷ್ಟ್ರ ಸ್ವಭಾವ. 1957ರಲ್ಲಿ ಯೇಸುಸಭೆಯ ಮಹಾಶ್ರೇಷ್ಠರ ಸಹಾಯಕರಾಗಿ ರೋಮಿಗೆ ತೆರಳಿದ ಅವರು ಅಲ್ಲಿ ಸುಮಾರು ಹತ್ತು ವರ್ಷ ದುಡಿದು ಭಾರತಕ್ಕೆ ಮರಳಿದರು. ಎಂಬತ್ತು ತುಂಬಿದ ಕೆಲವೇ ದಿನಗಳಲ್ಲಿ, 1977ರ ಆಗಸ್ಟ್ 12ರಂದು ಪ್ರಭುವಿನಲ್ಲಿ ಲೀನರಾದರು.

30ನೇ ವಿಧಿಯ ಎಲ್ಲೆಯೆಷ್ಟು ಎಂಬುದನ್ನು 1958ರ ಕೇರಳ ಶಿಕ್ಷಣ ಮಸೂದೆಯ ಪ್ರಕರಣದಿಂದ ಹಿಡಿದು 2002ರ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದವರೆಗೆ ಸರ್ವೋಚ್ಚ ನ್ಯಾಯಾಲಯ ಮತ್ತೆ ಮತ್ತೆ ವಿವೇಚಿಸಿದೆ. 2002ರ ಪೀಠದಲ್ಲಿ ಹನ್ನೊಂದು ನ್ಯಾಯಮೂರ್ತಿಗಳಿದ್ದರು. ಇಟ್ಟಿಗಿಯ ಕಟ್ಟೆಯ ಮೇಲೆ ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಾಗ ಆ ನಿವೃತ್ತ ಶಿಕ್ಷಕರು ಲೋಟ ಕೆಳಗಿಟ್ಟು ಕೇಳಿದರು:

"ಎಲ್ಲಾ ಸರಿ ಫಾದರ್. ಆ ವಿಧಿಯಿಂದ ಉಳಿದ ಸಾಲಿಯೊಳಗ ನಮ್ಮೂರ ಕೂಲಿಯವರ ಮಗೀಗೆ ಸೀಟು ಸಿಗ್ತೈತೇನ್ರೀ?"

ಮುಂದಿನ ವಾರ ತಾವೇ ಅಂಥದೊಂದು ಮಗುವನ್ನೂ ಅದರ ತಾಯಿಯನ್ನೂ ಕರೆದುಕೊಂಡು ಬರುವುದಾಗಿ ಹೇಳಿದರು. ಬನ್ನಿ ಎಂದೆ.