ಬಿಸಾಡಿದ ಅಲೆಗಳು

ರೇಡಿಯೋ ಸಿಲೋನ್ ಕೇಳುತ್ತಾ ಬೆಳೆದ ತಲೆಮಾರಿಗೆ ಶಾರ್ಟ್‌ವೇವ್ ಎಂದರೇನೆಂದು ವಿವರಿಸಬೇಕಿಲ್ಲ. ರೇಡಿಯೋದ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತಾ, ಏರಿಳಿಯುವ ದನಿಗೆ ಕಿವಿಗೊಟ್ಟು ಕೂತ ಸಂಜೆಗಳು ಅವರಿಗೆ ನೆನಪಿರುತ್ತವೆ. ಕಡಲು ದಾಟಿ ಬರುತ್ತಿದ್ದ ಆ ಅಲೆಗಳನ್ನು ಒಂದು ಕಾಲದಲ್ಲಿ ಕೆಲಸಕ್ಕೆ ಬಾರದವೆಂದು ಸರಕಾರವೊಂದು ಹವ್ಯಾಸಿಗಳ ಕಡೆಗೆ ತಳ್ಳಿಬಿಟ್ಟಿತ್ತು.

ಅಲೆ ಉದ್ದವಿದ್ದಷ್ಟೂ ದೂರ ಹೋಗುತ್ತದೆ ಎಂಬುದು ಇಪ್ಪತ್ತನೇ ಶತಮಾನದ ಆರಂಭದಲ್ಲಿ ತಜ್ಞರ ನಂಬಿಕೆ. ಹಾಗಾಗಿ ಕಂಪೆನಿಗಳೂ ನೌಕಾಪಡೆಗಳೂ ಸಾವಿರಾರು ಮೀಟರ್ ಉದ್ದದ ಅಲೆಗಳ ಬೆನ್ನು ಹತ್ತಿ ಭಾರೀ ಗೋಪುರಗಳನ್ನು ಎತ್ತಿದವು. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿತು. ಆಗಸ್ಟ್‌ನಲ್ಲಿ ಅಮೆರಿಕ ರೇಡಿಯೋ ಕಾಯಿದೆ ತಂದು, ಹವ್ಯಾಸಿಗಳು 200 ಮೀಟರ್‌ ಮತ್ತು ಅದಕ್ಕಿಂತ ಗಿಡ್ಡ ಅಲೆಗಳಲ್ಲೇ ಇರಬೇಕೆಂದಿತು. ಊರಾಚೆಯ ಬಂಜರನ್ನು ಬಡವರಿಗೆ ಹಂಚಿ ಕೈ ತೊಳೆದುಕೊಂಡಂತೆ. ಅಲ್ಲಿದ್ದುಕೊಂಡು ಈ ಹುಡುಗರು ತಾವಾಗಿಯೇ ಸುಮ್ಮನಾಗುತ್ತಾರೆ ಎಂಬ ಲೆಕ್ಕಾಚಾರ.

ಅವರು ಸುಮ್ಮನಾಗಲಿಲ್ಲ. 1921ರ ಡಿಸೆಂಬರಿನಲ್ಲಿ ಪಾಲ್ ಗಾಡ್ಲಿ ಎಂಬ ಅಮೆರಿಕನ್ ಸ್ಕಾಟ್ಲೆಂಡಿನ ಆರ್ಡ್ರಾಸನ್ ಕಡಲತೀರದಲ್ಲಿ, ಚಳಿಯಲ್ಲಿ, ಡೇರೆ ಹಾಕಿ ಕೂತ. ತನ್ನ ದೇಶದ ಹವ್ಯಾಸಿಗಳ ಸಂಕೇತಗಳು ಅಟ್ಲಾಂಟಿಕ್ ದಾಟಿ ಬಂದದ್ದನ್ನು ಕೇಳಿದ. 1923ರ ನವೆಂಬರ್ 28ರಂದು ಫ್ರಾನ್ಸಿನ ನೀಸ್‌ ನಗರದ ಲಿಯೋ ಡೆಲ್ವಾ ಮತ್ತು ಅಮೆರಿಕದ ಕನೆಕ್ಟಿಕಟ್‌ನ ಫ್ರೆಡ್ ಶ್ನೆಲ್ ಸುಮಾರು 100 ಮೀಟರ್ ಅಲೆಯಲ್ಲಿ ಪರಸ್ಪರ ಸಂದೇಶ ವಿನಿಮಯ ಮಾಡಿಕೊಂಡರು.

ಮರುವರ್ಷ, 1924ರ ಅಕ್ಟೋಬರ್ 18ರಂದು, ನ್ಯೂಜಿಲೆಂಡಿನ ಶಾಗ್ ಕಣಿವೆಯ ಕುರಿಸಾಕಣೆಯ ಹೊಲಮನೆಯಿಂದ ಫ್ರಾಂಕ್ ಬೆಲ್ ಕಳಿಸಿದ ಸಂಕೇತಕ್ಕೆ ಲಂಡನ್ನಿನ ಮಿಲ್ ಹಿಲ್ ಶಾಲೆಯ ವಿದ್ಯಾರ್ಥಿ ಸೆಸಿಲ್ ಗಾಯ್ಡರ್ ಉತ್ತರ ಕೊಟ್ಟ. ಭೂಗೋಳದ ಈ ಬದಿಯಿಂದ ಆ ಬದಿಗೆ ಮಾತು, ಅದೂ ಒಬ್ಬ ಕೃಷಿಕ ಮತ್ತು ಒಬ್ಬ ಶಾಲಾ ಹುಡುಗನ ನಡುವೆ! ಫ್ರಾಂಕ್ ಆಮೇಲೆ ಬೇಸಾಯದತ್ತ ಹೊರಳಿದಾಗ ಆ ಕೇಂದ್ರವನ್ನು ಮುಂದುವರಿಸಿದವಳು ಅಕ್ಕ ಬ್ರೆಂಡಾ. 1927ರಲ್ಲಿ ದಕ್ಷಿಣ ಆಫ್ರಿಕಾವನ್ನು ರೇಡಿಯೋದಲ್ಲಿ ಸಂಪರ್ಕಿಸಿದ ಮೊದಲ ನ್ಯೂಜಿಲೆಂಡ್ ಪ್ರಜೆ ಅವಳು. ತಮ್ಮನ ಹೆಸರಿನಷ್ಟು ಅವಳ ಹೆಸರು ಕೇಳಿಬರುವುದಿಲ್ಲ.

ಇದು ಸಾಧ್ಯವಾದದ್ದು ಹೇಗೆ? ಮೇಲಿನ ವಾಯುಮಂಡಲದಲ್ಲಿ ಅಲೆಗಳನ್ನು ಹಿಂತಿರುಗಿಸುವ ವಿದ್ಯುತ್ಪೂರಿತ ಪದರವಿರಬಹುದೆಂದು 1902ರಲ್ಲೇ ಕೆನೆಲಿ ಮತ್ತು ಹೆವಿಸೈಡ್ ಬೇರೆಬೇರೆಯಾಗಿ ಊಹಿಸಿದ್ದರು. 1924ರ ಡಿಸೆಂಬರಿನಲ್ಲಿ ಆಪಲ್ಟನ್ ಮತ್ತು ಬಾರ್ನೆಟ್ ಅದಕ್ಕೆ ಪುರಾವೆ ಒದಗಿಸಿದರು. ಸೂರ್ಯನ ಅತಿನೇರಳೆ ಕಿರಣಗಳು ಅಲ್ಲಿನ ಅನಿಲವನ್ನು ಒಡೆದು ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಗಿಡ್ಡ ಅಲೆ ಆ ಪದರಕ್ಕೆ ತಾಗಿ ಬಾಗಿ ಭೂಮಿಗೆ ಬರುತ್ತದೆ, ನೆಲದಿಂದ ಪುಟಿದು ಮತ್ತೆ ಮೇಲೇರುತ್ತದೆ. ಅದಕ್ಕೇ ಪಕ್ಕದ ಜಿಲ್ಲೆಗೆ ಕೇಳಿಸದ ಸಂಕೇತ ಪಕ್ಕದ ಖಂಡಕ್ಕೆ ಕೇಳಿಸುವುದುಂಟು. ಹಗಲಿನಲ್ಲಿ ಕೆಳಗಿನ ಪದರ ಉದ್ದನೆಯ ಅಲೆಗಳನ್ನು ಹೀರಿಕೊಳ್ಳುತ್ತದೆ. 20, 15, 10 ಮೀಟರ್‌ನ ಅಲೆಗಳು ಅದರಿಂದ ಹೆಚ್ಚಾಗಿ ಪಾರಾಗುತ್ತವೆ.

ಬಂಜರಿನಲ್ಲಿ ಬೆಳೆ ಬಂದದ್ದು ಕಂಡ ಮೇಲೆ ಯಜಮಾನರು ಬಾರದೆ ಇರುತ್ತಾರೆಯೇ? ಸ್ವತಃ ಗಿಡ್ಡ ಅಲೆಗಳ ಪ್ರಯೋಗ ನಡೆಸುತ್ತಿದ್ದ ಮಾರ್ಕೋನಿ, ಬ್ರಿಟಿಷ್ ಸಾಮ್ರಾಜ್ಯವನ್ನು ಬೆಸೆಯುವ ಕೇಂದ್ರಗಳ ಗುತ್ತಿಗೆ ಪಡೆದ. ಪುಣೆ ಬಳಿಯ ಖಡ್ಕಿ ಮತ್ತು ದೌಂಡ್‌ಗಳ ಮೂಲಕ ಭಾರತವೂ 1927ರಲ್ಲಿ ಆ ಜಾಲಕ್ಕೆ ಸೇರಿತು. ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಸೇರಿದ ರಾಷ್ಟ್ರಗಳು ಅಲೆಗಳನ್ನು ಹಂಚಿಕೊಂಡವು. ಹವ್ಯಾಸಿಗಳಿಗೆ ಉಳಿದದ್ದು ತುಂಡು ಜಮೀನು: 40 ಮೀಟರ್ ಪಟ್ಟಿಯಲ್ಲಿ ಅಮೆರಿಕದ ಹವ್ಯಾಸಿಗಳಿಗಿದ್ದ 1000 ಕಿಲೋಹರ್ಟ್ಸ್ 300ಕ್ಕೆ ಇಳಿಯಿತು. ಕಂಡುಹಿಡಿದವರಿಗೆ ಸಿಕ್ಕ ಕೂಲಿ ಇದು.

10 ಮೀಟರ್ ಪಟ್ಟಿ ಮಾತ್ರ ಇಂದಿಗೂ ಹವ್ಯಾಸಿಗಳ ಬಳಿ ವಿಶಾಲವಾಗಿಯೇ ಉಳಿದಿದೆ. ಅದು ಸೂರ್ಯನ ಮರ್ಜಿಯನ್ನು ನಂಬಿಕೊಂಡಿರುವ ಪಟ್ಟಿ. ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಸೌರಕಲೆಗಳು ಹೆಚ್ಚಿದಾಗ ತೆರೆಯುತ್ತದೆ, ಇಳಿದಾಗ ದೂರದ ಸಂಪರ್ಕಗಳು ವರ್ಷಗಟ್ಟಲೆ ವಿರಳವಾಗುತ್ತವೆ. ದಾಖಲೆಯಲ್ಲೇ ಅತಿ ಹೆಚ್ಚು ಸೌರಕಲೆಗಳು ಕಂಡ 1957-58ರಲ್ಲಿ ಕೆಲವೇ ವ್ಯಾಟ್‌ಗಳ ಪೆಟ್ಟಿಗೆಗಳು ಅದರಲ್ಲಿ ಸಾಗರ ದಾಟಿದವು. ಸೂರ್ಯ ಮತ್ತೆ ಗರಿಷ್ಠ ಹಂತ ತಲುಪಿರುವುದಾಗಿ ನಾಸಾ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು.