ಮುಖಪುಟ ಹೇಳುವುದು, ಮುಖಪುಟ ಹೇಳದಿರುವುದು: ಸಣ್ಣ ಊರಿನ ಪ್ರೇಮಹಾಸ್ಯ ಕಾದಂಬರಿಗಳು

ಎಲ್ಲರಿಗೂ ಎಲ್ಲರ ಪರಿಚಯವಿರುವ ಒಂದು ಸಣ್ಣ ಊರು, ಮೊದಲ ಭೇಟಿಯಲ್ಲಿಯೇ ಜಗಳವಾಡುವ ಇಬ್ಬರು, ಅವರ ನಡುವೆ ಏನು ನಡೆಯುತ್ತಿದೆಯೆಂದು ಅವರಿಗಿಂತ ಮೊದಲೇ ತಿಳಿದುಕೊಳ್ಳುವ ನೆರೆಹೊರೆ, ಕೊನೆಗೊಂದು ಮದುವೆ ಅಥವಾ ಅದರ ಭರವಸೆ. ಇಂಗ್ಲಿಷಿನಲ್ಲಿ ‘ಸ್ಮಾಲ್ ಟೌನ್ ರೊಮ್ಯಾಂಟಿಕ್ ಕಾಮಿಡಿ’ ಎಂದು ಕರೆಯಲಾಗುವ ಕಾದಂಬರಿ ಪ್ರಕಾರದ ಸ್ಥೂಲರೂಪ ಇದು. ಕನ್ನಡದಲ್ಲಿ ಇದನ್ನು ಪ್ರೇಮಹಾಸ್ಯ ಕಾದಂಬರಿ ಎನ್ನಬಹುದು. ಪೇಟೆಯ ಪುಸ್ತಕದಂಗಡಿಗಳಲ್ಲಿ, ಹಳೆಯ ಪುಸ್ತಕಗಳ ರಾಶಿಯಲ್ಲಿ, ಆನ್‌ಲೈನ್ ಮಳಿಗೆಗಳಲ್ಲಿ ಈ ಪುಸ್ತಕಗಳು ಈಗ ಸುಲಭವಾಗಿ ದೊರೆಯುತ್ತವೆ. ಪ್ರೌಢಶಾಲೆಯ ಮಕ್ಕಳು ಇಂಗ್ಲಿಷ್ ಓದಿನ ಅಭ್ಯಾಸಕ್ಕೆಂದು ಇವನ್ನು ಮನೆಗೆ ತರುವುದೂ ಉಂಟು. ಆಗ ಕನ್ನಡದಲ್ಲಿ ಓದಿ ಬೆಳೆದ ತಂದೆತಾಯಿಯರು ಮಾಡುವ ಪರೀಕ್ಷೆ ಸಾಮಾನ್ಯವಾಗಿ ಒಂದೇ: ಮುಖಪುಟವನ್ನು ನೋಡುವುದು. ಆ ಪರೀಕ್ಷೆ ಇಂದು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದನ್ನು ತಿಳಿಯಲು ಈ ಕಾದಂಬರಿಗಳ ಮತ್ತು ಅವುಗಳ ಹೊದಿಕೆಯ ಚರಿತ್ರೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಈ ಪ್ರಕಾರದ ಮೂಲವನ್ನು ಹುಡುಕಿದರೆ ನಾವು ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಕಾದಂಬರಿಗೆ ಬಂದು ನಿಲ್ಲುತ್ತೇವೆ. 1813ರಲ್ಲಿ ಲಂಡನ್ನಿನ ಥಾಮಸ್ ಎಗರ್ಟನ್ ಇದನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಕಥೆ ನಡೆಯುವುದು ಹರ್ಟ್‌ಫರ್ಡ್‌ಶೈರ್ ಪ್ರಾಂತ್ಯದ ಮೆರಿಟನ್ ಎಂಬ ಕಲ್ಪಿತ ಪೇಟೆಯ ಸುತ್ತಮುತ್ತ. ಹೊಸದಾಗಿ ಬಂದ ಯುವಕನ ವಾರ್ಷಿಕ ವರಮಾನವೆಷ್ಟು ಎಂಬುದು ಆತ ಯಾರೊಡನೆಯೂ ಮಾತನಾಡುವ ಮೊದಲೇ ಇಡೀ ಊರಿಗೆ ಗೊತ್ತಾಗಿರುತ್ತದೆ. ಡಾರ್ಸಿಗೆ ವರ್ಷಕ್ಕೆ 10,000 ಪೌಂಡ್ ಎಂಬ ಸುದ್ದಿ ನೃತ್ಯಕೂಟದ ಸಭಾಂಗಣವನ್ನು ಸುತ್ತುವುದಕ್ಕೆ ಐದು ನಿಮಿಷವೂ ಬೇಕಾಗುವುದಿಲ್ಲ. ಊರಿನ ಬಾಯಿ ಇಲ್ಲಿ ಬರಿಯ ಹಿನ್ನೆಲೆಯಲ್ಲ, ಕಥೆಯನ್ನು ನಡೆಸುವ ಯಂತ್ರವೇ ಅದು. ಎಲಿಜಬೆತ್ ಮತ್ತು ಡಾರ್ಸಿಯ ಮದುವೆ ನಿಶ್ಚಯವಾಗಿದೆಯೆಂಬ ಸುಳ್ಳು ವದಂತಿಯನ್ನು ಕೇಳಿದ ಡಾರ್ಸಿಯ ಚಿಕ್ಕಮ್ಮ ಲೇಡಿ ಕ್ಯಾಥರೀನ್ ಅದನ್ನು ತಡೆಯಲೆಂದು ಧಾವಿಸಿ ಬರುತ್ತಾಳೆ. ಅವಳ ಬೆದರಿಕೆಗೆ ಎಲಿಜಬೆತ್ ಬಗ್ಗದಿದ್ದ ಸಂಗತಿ ಡಾರ್ಸಿಯ ಕಿವಿಗೆ ಬಿದ್ದಾಗಲೇ ಅವನಿಗೆ ಮತ್ತೆ ಆಸೆ ಚಿಗುರುತ್ತದೆ. ವದಂತಿಯನ್ನು ಅಳಿಸಲು ಬಂದವಳೇ ಅದನ್ನು ನಿಜವಾಗಿಸಿ ಹೋಗುತ್ತಾಳೆ. ನಮ್ಮ ಊರುಗಳ ಜಗುಲಿ, ಬಸ್ ನಿಲ್ದಾಣ, ಜಾತ್ರೆಯನ್ನು ಬಲ್ಲವರಿಗೆ ಈ ಹಾಸ್ಯಕ್ಕೆ ವಿವರಣೆ ಬೇಕಿಲ್ಲ.

ಇಷ್ಟು ಲವಲವಿಕೆಯ ಕಾದಂಬರಿ ಹೊರಬಂದಾಗ ಅದರ ಮೇಲೆ ಚಿತ್ರವೆಂಬುದೇ ಇರಲಿಲ್ಲ, ಲೇಖಕಿಯ ಹೆಸರೂ ಇರಲಿಲ್ಲ. ಮುಂಚಿನ ಕೃತಿಯನ್ನು ಬರೆದವರದೇ ಇದೂ ಎಂದಷ್ಟೇ ಶೀರ್ಷಿಕೆ ಪುಟ ತಿಳಿಸುತ್ತಿತ್ತು. ಆಗ ಪುಸ್ತಕಗಳು ಕಾಗದ ಮೆತ್ತಿದ ರಟ್ಟಿನ ನಡುವೆ ಮಾರಾಟವಾಗುತ್ತಿದ್ದವು; ಕೊಂಡವರು ತಮ್ಮ ಅಂತಸ್ತಿಗೆ ತಕ್ಕಂತೆ ಚರ್ಮದ ಕಟ್ಟು ಹಾಕಿಸಿಕೊಳ್ಳುತ್ತಿದ್ದರು. ಪ್ರಕಾಶಕರೇ ಬಟ್ಟೆಯ ಕಟ್ಟು ಹಾಕಿ ಮಾರುವ ರೂಢಿ 1820ರ ದಶಕದಲ್ಲಿ ಆರಂಭವಾಯಿತು. ಅದರ ಮೇಲೆ ಹೊದಿಸುತ್ತಿದ್ದ ಕಾಗದವೂ ಮೊದಲು ಧೂಳು ತಡೆಯುವುದಕ್ಕಾಗಿಯೇ ಇತ್ತು. ಕನ್ನಡದ ‘ರಕ್ಷಾಪುಟ’ ಎಂಬ ಪದ ಆ ಹಳೆಯ ಕೆಲಸವನ್ನು ಇಂದಿಗೂ ನೆನಪಿನಲ್ಲಿಟ್ಟುಕೊಂಡಿದೆ.

ಮುಖಪುಟ ಕಥೆಯ ಕುರಿತು ಮಾತನಾಡತೊಡಗಿದ್ದಕ್ಕೆ ಒಂದು ಸುಂದರ ನಿದರ್ಶನ 1894ರಲ್ಲಿ ಜಾರ್ಜ್ ಅಲೆನ್ ಪ್ರಕಟಿಸಿದ ಇದೇ ಕಾದಂಬರಿಯ ಆವೃತ್ತಿ. ಐರ್ಲೆಂಡ್ ಮೂಲದ ಚಿತ್ರಕಾರ ಹ್ಯೂ ಥಾಮ್ಸನ್ ಇದಕ್ಕಾಗಿ 160 ಚಿತ್ರಗಳನ್ನು ಬರೆದರು. ಕಡುಹಸಿರು ಬಟ್ಟೆಯ ಹೊದಿಕೆಯ ಮೇಲೆ ಚಿನ್ನದ ಬಣ್ಣದಲ್ಲಿ ಒಂದು ನವಿಲು, ಅದರ ಗರಿಗಳೇ ಇಡೀ ಪುಟವನ್ನು ತುಂಬಿವೆ. ಆದ್ದರಿಂದಲೇ ಅದಕ್ಕೆ ‘ನವಿಲು ಆವೃತ್ತಿ’ ಎಂಬ ಹೆಸರು ನಿಂತಿತು. ನಾಯಕನಿಲ್ಲ, ನಾಯಕಿಯಿಲ್ಲ, ಆಲಿಂಗನವಿಲ್ಲ. ಹೆಮ್ಮೆಯ ಹಕ್ಕಿಯೊಂದನ್ನು ತೋರಿಸಿ ಶೀರ್ಷಿಕೆಯ ಅರ್ಧವನ್ನು ಚಿತ್ರಕಾರ ನಗುತ್ತಲೇ ಹೇಳಿಬಿಟ್ಟಿದ್ದಾನೆ. ನಂತರ ಬಂದ ಎಷ್ಟೋ ಮುಖಪುಟಗಳಿಗಿಂತ ಇದು ಮೇಲು ಎಂಬುದು ನಮ್ಮ ಅಭಿಪ್ರಾಯ. ಇದೇ ಥಾಮ್ಸನ್ 1891ರಲ್ಲಿ ಎಲಿಜಬೆತ್ ಗ್ಯಾಸ್ಕೆಲ್ ಅವರ ‘ಕ್ರ್ಯಾನ್‌ಫರ್ಡ್’ ಎಂಬ, ಸಣ್ಣ ಪಟ್ಟಣದ ಹೆಂಗಸರ ಬದುಕಿನ ಹಾಸ್ಯಕಥನಕ್ಕೂ ಚಿತ್ರ ಬರೆದಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಪ್ರೇಮಕಾದಂಬರಿ ಅಗ್ಗದ ಕಾಗದದ ಹೊದಿಕೆಗೆ ಬಂದಿತು. 1908ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಮಿಲ್ಸ್ ಅಂಡ್ ಬೂನ್, 1949ರಲ್ಲಿ ಕೆನಡಾದಲ್ಲಿ ಆರಂಭವಾದ ಹಾರ್ಲಿಕ್ವಿನ್ ಸಂಸ್ಥೆಗಳು ಈ ವ್ಯಾಪಾರವನ್ನು ಜಗತ್ತಿನಾದ್ಯಂತ ಹರಡಿದವು. ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತ ಜೋಡಿಯ ವರ್ಣಚಿತ್ರವೇ ಇಂತಹ ಪುಸ್ತಕದ ಗುರುತಾಯಿತು. ನಮ್ಮ ಹಿರಿಯರು ಈ ಮುಖಪುಟಗಳನ್ನು ಕಂಡೇ ಪುಸ್ತಕವನ್ನು ಕಿತ್ತುಕೊಳ್ಳುತ್ತಿದ್ದರು. ವಾಸ್ತವದಲ್ಲಿ ಆ ಕಾಲದ ಇಂತಹ ಅನೇಕ ಕಾದಂಬರಿಗಳು ಹೊರಗೆ ಆಲಿಂಗನ ತೋರಿಸಿದರೂ ಒಳಗೆ ಮದುವೆಯ ಮಾತಿನಾಚೆಗೆ ಹೋಗುತ್ತಿರಲಿಲ್ಲ.

ಇಂದು ಪರಿಸ್ಥಿತಿ ತಲೆಕೆಳಗಾಗಿದೆ. 2010ರ ದಶಕದ ಉತ್ತರಾರ್ಧದಿಂದ ಅಮೆರಿಕದ ಪ್ರಕಾಶಕರು ಛಾಯಾಚಿತ್ರಗಳನ್ನು ಬಿಟ್ಟು ವ್ಯಂಗ್ಯಚಿತ್ರದಂತಹ ಮುಖಪುಟಗಳತ್ತ ಹೊರಳಿದರು. ತೆಳು ಗುಲಾಬಿ, ಹಳದಿ ಅಥವಾ ನೀಲಿಯ ಸಪಾಟು ಹಿನ್ನೆಲೆ, ಕಣ್ಣುಮೂಗುಗಳನ್ನು ಸೂಚ್ಯವಾಗಿ ಬಿಡಿಸಿದ ಎರಡು ಆಕೃತಿಗಳು, ಕೈಬರಹದಂತೆ ತೋರುವ ದೊಡ್ಡ ಅಕ್ಷರಗಳು. ಇದಕ್ಕೆ ಕಾರಣಗಳಿದ್ದವು. ಬಸ್ಸಿನಲ್ಲಿ, ರೈಲಿನಲ್ಲಿ ಕುಳಿತು ಸಂಕೋಚವಿಲ್ಲದೆ ಓದಬಹುದು. ಕಥೆಯ ಪಾತ್ರಗಳ ಮೈಬಣ್ಣ, ಮೈಕಟ್ಟುಗಳಿಗೆ ಹೊಂದುವ ರೂಪದರ್ಶಿಯ ಚಿತ್ರವನ್ನು ಸಿದ್ಧಚಿತ್ರಗಳ ಸಂಗ್ರಹದಲ್ಲಿ ಹುಡುಕುವುದಕ್ಕಿಂತ ಹೊಸದಾಗಿ ಬಿಡಿಸುವುದು ಸುಲಭ. ಎಲ್ಲಕ್ಕಿಂತ ಮುಖ್ಯವಾಗಿ, ಮೊಬೈಲ್ ಪರದೆಯ ಮೇಲೆ ಅಂಚೆಚೀಟಿಯಷ್ಟಾಗಿ ಕುಗ್ಗಿದರೂ ಇಂತಹ ಚಿತ್ರ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ಈ ಮುಖಪುಟಗಳು ಮಕ್ಕಳ ಪುಸ್ತಕಗಳಂತೆಯೂ ಕಾಣುತ್ತವೆ ಎಂಬುದೇ ಪಾಲಕರು ಅರಿಯಬೇಕಾದ ಸಂಗತಿ. ಹೆಲೆನ್ ಹೋಆಂಗ್ ಅವರ ‘ದಿ ಕಿಸ್ ಕೋಷೆಂಟ್’ (2018) ಮುದ್ದಾದ ಚಿತ್ರದ ಹೊದಿಕೆಯುಳ್ಳದ್ದಾದರೂ ವಯಸ್ಕರಿಗಾಗಿಯೇ ಬರೆದ ಕೃತಿ. ಎಮಿಲಿ ಹೆನ್ರಿ ಅವರ ‘ಬೀಚ್ ರೀಡ್’ (2020) ಮಿಷಿಗನ್ ರಾಜ್ಯದ ಸರೋವರದಂಚಿನ ಒಂದು ಕಲ್ಪಿತ ಊರಿನಲ್ಲಿ ನಡೆಯುತ್ತದೆ. ತಂದೆಯ ಮರಣ, ಅವರು ಬಚ್ಚಿಟ್ಟಿದ್ದ ಗುಟ್ಟು, ಬರೆಯಲಾರದೆ ಕುಳಿತ ಲೇಖಕಿಯ ಸಂಕಟ ಎಲ್ಲವೂ ಅದರಲ್ಲಿವೆ. ಅದರ ಉಲ್ಲಾಸದ ಬಣ್ಣಗಳು ಈ ದುಃಖವನ್ನೂ ಹೇಳುವುದಿಲ್ಲ, ವಯಸ್ಕರ ಪ್ರಣಯ ಸನ್ನಿವೇಶಗಳನ್ನೂ ಹೇಳುವುದಿಲ್ಲ. ಅದೇ ಲೇಖಕಿಯ ‘ಬುಕ್ ಲವರ್ಸ್’ (2022) ಈ ಪ್ರಕಾರವನ್ನೇ ಗೇಲಿ ಮಾಡುತ್ತದೆ: ಸಣ್ಣ ಊರಿನ ಪ್ರೇಮಕಥೆಗಳಲ್ಲಿ ನಾಯಕನು ಬಿಟ್ಟುಹೋಗುವ ನಗರದ ಹೆಣ್ಣೇ ಇಲ್ಲಿ ನಾಯಕಿ. ರಾಬಿನ್ ಕಾರ್ ಅವರ ‘ವರ್ಜಿನ್ ರಿವರ್’ (2007) ಮಾಲೆಯನ್ನು ನೆಟ್‌ಫ್ಲಿಕ್ಸ್ ಧಾರಾವಾಹಿಯಾಗಿ ಕಂಡವರು ನಮ್ಮಲ್ಲಿಯೂ ಇದ್ದಾರೆ. ಅದು ಹಾಸ್ಯಕ್ಕಿಂತ ಕೌಟುಂಬಿಕ ಕಥನದ ಕಡೆಗೆ ವಾಲಿದ್ದು.

ಚಲನಚಿತ್ರಕ್ಕೆ ಇರುವಂತೆ ಕಾದಂಬರಿಗೆ ವಯೋಮಿತಿಯ ಪ್ರಮಾಣಪತ್ರವಿಲ್ಲ. ಆದುದರಿಂದ ಪಾಲಕರು ಪುಸ್ತಕವನ್ನು ತಿರುಗಿಸಿ ಬೆನ್ನುಡಿಯನ್ನು ಓದಬೇಕು, ಅಥವಾ ಮಗುವಿನಿಂದಲೇ ಓದಿಸಿ ಕೇಳಬೇಕು. ‘ಸ್ಟೀಮಿ’, ‘ಸ್ಪೈಸಿ’ ಎಂಬ ವಿಶೇಷಣಗಳಿದ್ದರೆ ಅವು ಅಡುಗೆಗೆ ಸಂಬಂಧಿಸಿದವಲ್ಲ. ಶೃಂಗಾರದ ಬಿಚ್ಚುನುಡಿಯ ವರ್ಣನೆ ಒಳಗಿದೆಯೆಂಬುದರ ಸೂಚನೆ. ‘ಸ್ವೀಟ್’ ಅಥವಾ ‘ಕ್ಲೋಸ್ಡ್ ಡೋರ್’ ಎಂದಿದ್ದರೆ ಅಂತಹ ವರ್ಣನೆಯಿಲ್ಲವೆಂದು ಅರ್ಥ. ‘ಯಂಗ್ ಅಡಲ್ಟ್’ ಎಂಬುದು ಹದಿಹರೆಯದವರಿಗಾಗಿ ಪ್ರಕಟಿಸಿದ ಪುಸ್ತಕಗಳ ವಿಭಾಗದ ಹೆಸರು. ಕೆಲವು ಲೇಖಕರು ಮೊದಲ ಪುಟಗಳಲ್ಲಿಯೇ ಒಳಗಿನ ಕಠಿಣ ಪ್ರಸಂಗಗಳ ಸೂಚನೆ ಕೊಡುವುದೂ ಇದೆ. ಮುಖಪುಟದಿಂದ ಮೋಸಹೋದ ಮಗುವನ್ನು ಗದರುವುದು ನ್ಯಾಯವಲ್ಲ, ಆ ಮುಖಪುಟದಿಂದ ಹಿರಿಯರೂ ಮೋಸಹೋಗಿರುತ್ತಾರೆ. ಹದಿನಾಲ್ಕು ಹದಿನೈದರ ಮಗುವಿಗೆ ಈ ಬಗೆಯ ಕಥೆಯ ರುಚಿ ಹತ್ತಿದ್ದರೆ ಆಸ್ಟಿನ್ ಅವರ ಕಾದಂಬರಿಯ ಸರಳ ಆವೃತ್ತಿಯನ್ನು ಮುಂದಿಡುವುದು ಕಿತ್ತುಕೊಳ್ಳುವುದಕ್ಕಿಂತ ಉತ್ತಮ.

ಭಾರತದಲ್ಲಿಯೇ ಈ ಪ್ರಕಾರಕ್ಕೆ ಹತ್ತಿರವಾದ ಒಂದು ಕೃತಿಯನ್ನು ಹೆಸರಿಸಬೇಕೆಂದರೆ ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರ ‘ದಿ ಪೇಂಟರ್ ಆಫ್ ಸೈನ್ಸ್’ (1976) ಇದೆ. ಮಾಲ್ಗುಡಿಯ ಫಲಕ ಬರೆಯುವ ರಾಮನ್, ಕುಟುಂಬ ಯೋಜನೆಯ ಪ್ರಚಾರಕ್ಕೆ ಬಂದ ಡೇಸಿ ಎಂಬ ಹೆಣ್ಣಿನ ಬೆನ್ನುಹತ್ತಿ ಹಳ್ಳಿಹಳ್ಳಿ ಅಲೆಯುತ್ತಾನೆ. ಇಲ್ಲಿ ಮಾತ್ರ ಮದುವೆಯ ಮಂಗಳವಿಲ್ಲ. ಅವಳು ತನ್ನ ಕೆಲಸವನ್ನೇ ಆರಿಸಿಕೊಂಡು ಹೊರಟುಹೋಗುತ್ತಾಳೆ. ಇದೂ ವಯಸ್ಕರಿಗಾಗಿ ಬರೆದದ್ದೇ. ಅಕ್ಷರದ ರೂಪದ ಬಗೆಗೆ ನಾಯಕನಿಗಿರುವ ಗೀಳಿನಿಂದಾಗಿ, ಮುಖಪುಟದ ಮಾತು ಬಂದಾಗಲೆಲ್ಲ ನಮಗೆ ಈ ಕಾದಂಬರಿ ನೆನಪಾಗುತ್ತದೆ.

ಏಕೆಂದರೆ ಮುಖಪುಟದ ಕಷ್ಟವಿರುವುದು ಚಿತ್ರದಲ್ಲಿ ಮಾತ್ರವಲ್ಲ, ಅಕ್ಷರದಲ್ಲಿಯೂ ಇದೆ. ಇಂಗ್ಲಿಷ್ ವಿನ್ಯಾಸಕಾರನು ದೊಡ್ಡಕ್ಷರಗಳಲ್ಲಿ ಶೀರ್ಷಿಕೆಯನ್ನು ಬರೆದು ಇಟ್ಟಿಗೆ ಜೋಡಿಸಿದಂತೆ ಸಾಲುಗಳನ್ನು ಒತ್ತಾಗಿ ಕೂರಿಸಬಲ್ಲನು. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ. ಗಾಂಭೀರ್ಯವನ್ನಾಗಲಿ ತುಂಟತನವನ್ನಾಗಲಿ ಗೆರೆಯ ದಪ್ಪದಿಂದ, ಬಾಗಿನಿಂದ ತರಬೇಕು. ಆಸ್ಟಿನ್ ಅವರ ಶೀರ್ಷಿಕೆಯನ್ನು ‘ಹೆಮ್ಮೆ ಮತ್ತು ಪೂರ್ವಾಗ್ರಹ’ ಎಂದು ಕನ್ನಡಿಸಿ ಎರಡು ಸಾಲಿನಲ್ಲಿ ಬರೆದು ನೋಡಿರಿ. ಮೊದಲ ಸಾಲಿನ ಎರಡು ಒತ್ತಕ್ಷರಗಳು ಕೆಳಗಿಳಿದು ಎರಡನೆಯ ಸಾಲಿನ ತಲೆಗೆ ತಾಗುತ್ತವೆ. ‘ಪೂ’ ಅಕ್ಷರದ ಕೊಂಬು ಬಲಕ್ಕೆ ಚಾಚಿ ಜಾಗ ಕೇಳುತ್ತದೆ, ಅರ್ಕಾವೊತ್ತು ಇನ್ನಷ್ಟು ಕೇಳುತ್ತದೆ. ಸಾಲುಗಳನ್ನು ದೂರವಿಟ್ಟರೆ ಶೀರ್ಷಿಕೆ ಒಡೆದಂತಾಗುತ್ತದೆ. ನುರಿತ ಕಲಾವಿದರು ಮೇಲಿನ ಒತ್ತಕ್ಷರವನ್ನು ಕೆಳಸಾಲಿನ ಎರಡು ಅಕ್ಷರಗಳ ನಡುವಿನ ಸಂದಿಗೆ ಇಳಿಸುತ್ತಾರೆ. ಕೈಯಿಂದ ಬರೆದ ಶೀರ್ಷಿಕೆಗಳು ಕನ್ನಡ ಪುಸ್ತಕಗಳಲ್ಲಿ ಬಹುಕಾಲ ಉಳಿದದ್ದಕ್ಕೆ ಈ ಅನುಕೂಲವೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ. ಈಗ ಬಾಲೂ ತಮ್ಮ, ಅಕಾಯಾ ಕನ್ನಡಕ, ಟಿರೋ ಕನ್ನಡ ಮೊದಲಾದ ಯೂನಿಕೋಡ್ ಅಕ್ಷರವಿನ್ಯಾಸಗಳು ಉಚಿತವಾಗಿ ದೊರೆಯುತ್ತವೆ. ಮೊದಲನೆಯದರ ಉರುಟುತನ ಹಾಸ್ಯಕ್ಕೆ ಹೊಂದುತ್ತದೆ.

ಗಡಿಯಾಚೆಗಿನ ನಮ್ಮ ಶಾಲೆಗಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಶಾಲೆಯ ವಾರ್ಷಿಕ ಸಂಚಿಕೆ ಅಚ್ಚಾಗುವುದು ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗು ಬಲ್ಲವರ ಮುದ್ರಣಾಲಯದಲ್ಲಿ. ಹಳೆಯ ವಿನ್ಯಾಸ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡವನ್ನು ಅಂಟಿಸಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ‘ಹೆಮ್ಮೆ’ ಎಂಬುದು ‘ಹೆಮ್‌ಮೆ’ ಆಗಿಬಿಡುವುದುಂಟು. ಕನ್ನಡ ಓದಲಾರದವರ ಕಣ್ಣಿಗೆ ಅದು ತಪ್ಪೆಂದು ತೋರುವುದೇ ಇಲ್ಲ. ತೆಲುಗು ಮತ್ತು ಕನ್ನಡ ಲಿಪಿಗಳು ಸೋದರಿಯರಾದುದರಿಂದ ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಸಮಸ್ಯೆ ಇನ್ನೂ ಸೂಕ್ಷ್ಮ. ತೆಲುಗಿನ ತಲೆಕಟ್ಟು ಶಿಕ್ಷಕರು ಉತ್ತರಕ್ಕೆ ಹಾಕುವ ‘ಸರಿ’ ಗುರುತಿನಂತಿರುತ್ತದೆ, ಕನ್ನಡದ್ದು ಅಡ್ಡಗೆರೆಯಂತೆ ಮಲಗಿರುತ್ತದೆ. ತೆಲುಗು ಫಲಕಗಳನ್ನು ಬರೆದು ಕೈ ಪಳಗಿದವರು ಕನ್ನಡ ಶೀರ್ಷಿಕೆಯ ಮೇಲೂ ಅದೇ ಗುರುತನ್ನು ಇಟ್ಟುಬಿಡುವ ಸಂಭವವಿದೆ. ಆದ್ದರಿಂದ ಶೀರ್ಷಿಕೆಯನ್ನು ಅಕ್ಷರವಾಗಿ ಕಳುಹಿಸದೆ ಚಿತ್ರವಾಗಿ ಕಳುಹಿಸುವುದು, ಅಚ್ಚಿಗೆ ಹೋಗುವ ಕೊನೆಯ ಕರಡನ್ನು ಕನ್ನಡ ಬಲ್ಲವರೊಬ್ಬರು ಕಾಗದದ ಮೇಲೆ ಓದುವುದು ಕ್ಷೇಮ.

ಮಕ್ಕಳೇ ಮುಖಪುಟ ರಚಿಸುವುದಾದರೆ ಚಿತ್ರಕಲೆಯೊಡನೆ ಗಣಿತವೂ ಜೊತೆಗೂಡುತ್ತದೆ. ಕನ್ನಡ ಪುಸ್ತಕಗಳಲ್ಲಿ ‘1/8 ಡೆಮಿ’ ಎಂದು ನಮೂದಿಸುವ ಆಕಾರ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ, ಅಂದರೆ 140 ಮತ್ತು 216 ಮಿಲಿಮೀಟರು. ಪುಸ್ತಕಕ್ಕೆ 200 ಪುಟಗಳಿದ್ದರೆ ಹಾಳೆಗಳು 100. ಒಂದು ಹಾಳೆಯ ದಪ್ಪ 0.1 ಮಿಲಿಮೀಟರು ಎಂದು ಹಿಡಿದರೆ ಪುಸ್ತಕದ ಬೆನ್ನು 10 ಮಿಲಿಮೀಟರು. ಹಿಂಬದಿ, ಬೆನ್ನು, ಮುಂಬದಿ ಸೇರಿ ಹೊದಿಕೆಯ ಅಗಲ 290. ಕತ್ತರಿಸುವಾಗ ಅಂಚಿನಲ್ಲಿ ಬಿಳಿಗೆರೆ ಉಳಿಯದಂತೆ ನಾಲ್ಕೂ ಬದಿಗೆ 3 ಮಿಲಿಮೀಟರು ಬಣ್ಣವನ್ನು ಹೆಚ್ಚಾಗಿ ಹರಿಸಬೇಕಾದುದರಿಂದ ಚಿತ್ರದ ಅಳತೆ 296 ಮತ್ತು 222 ಆಗುತ್ತದೆ. ಈ ಲೆಕ್ಕ ತಪ್ಪಿದರೆ ಬೆನ್ನಿನ ಮೇಲಿನ ಹೆಸರು ಮುಂಬದಿಗೆ ಜಾರುತ್ತದೆ. ಮೊದಲು ಅಂಚೆಚೀಟಿಯಷ್ಟು ಗಾತ್ರದಲ್ಲಿ ನಾಲ್ಕಾರು ಕರಡು ಬಿಡಿಸಿ, ಆ ಗಾತ್ರದಲ್ಲಿಯೇ ಅರ್ಥವಾಗುವ ಒಂದನ್ನು ಆರಿಸಿ ಹಿಗ್ಗಿಸುವುದು ವೃತ್ತಿಪರರ ಕ್ರಮ. ಮಕ್ಕಳು ಕಥೆಯನ್ನು ಮೊದಲು ಓದಲಿ, ಅದರಲ್ಲಿ ನವಿಲಿನಂತಹ ಒಂದು ವಸ್ತುವನ್ನು ಹುಡುಕಲಿ. ಅದು ಬಸ್ಸಿನ ಟಿಕೆಟ್ಟಾಗಿರಬಹುದು, ಬಾವಿಕಟ್ಟೆಯ ಮೇಲೆ ಮರೆತುಹೋದ ಕೊಡವಾಗಿರಬಹುದು.

ಕನ್ನಡ ಪುಸ್ತಕಗಳ ಪ್ರಕಟಣಾ ವಿವರದ ಪುಟದಲ್ಲಿ ಬೆಲೆ, ಪುಟಸಂಖ್ಯೆ, ಕಾಗದದ ವಿವರಗಳ ನಡುವೆ ‘ಮುಖಪುಟ ವಿನ್ಯಾಸ’ ಎಂಬ ಒಂದು ಸಾಲು ಇರುತ್ತದೆ. ಶಾಲೆಯ ಸಂಚಿಕೆಯಲ್ಲಿಯೂ ಆ ಸಾಲನ್ನು ಸೇರಿಸಿ, ಅದರ ಮುಂದೆ ಚಿತ್ರ ಬರೆದ ಮಗುವಿನ ಹೆಸರು, ಅಕ್ಷರ ಬರೆದವರು ಬೇರೆಯಾಗಿದ್ದರೆ ಅವರ ಹೆಸರನ್ನೂ ತರಗತಿಯೊಡನೆ ಅಚ್ಚು ಮಾಡಿಸಬೇಕು.